ಪಾಲಿಯೆಸ್ಟರ್ ಸೀರೆಗೆ ಬಣ್ಣ ಹಾಕುವಾಗ ಉಪ್ಪು ಹಾಕಬೇಕೇ? ಚುಕ್ಕೆ ಬೀಳುವುದು ಯಾಕೆ?
ಉಪ್ಪು ಬೇಡವೇ ಬೇಡ, ಅದು ಹತ್ತಿ ಬಟ್ಟೆಯ ಲೆಕ್ಕ. ಪಾಲಿಯೆಸ್ಟರ್‌ನ ಡಿಸ್ಪರ್ಸ್ ಬಣ್ಣ ನೀರಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ನುಣ್ಣನೆಯ ಕಣಗಳಾಗಿ ಹರಡಿಕೊಂಡಿರುತ್ತೆ. ಉಪ್ಪು ಬಿದ್ದರೆ ಕಣಗಳು ಗುಂಪುಗೂಡಿ ಬಟ್ಟೆಯ ಮೇಲೆ ಚುಕ್ಕೆಯಾಗಿ ಕೂರುತ್ತವೆ. ಗಡಸು ನೀರಿನದೂ ಇದೇ ಕಾಟ. ಲೀಟರಿಗೆ 1 ಗ್ರಾಂ ಡಿಸ್ಪರ್ಸಿಂಗ್ ಏಜೆಂಟ್ (ಕಣಗಳು ಗುಂಪುಗೂಡದಂತೆ ತಡೆಯುವ ರಾಸಾಯನಿಕ) ಹಾಕಿ, ಅಸಿಟಿಕ್ ಆಮ್ಲದಿಂದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 4.5–5.5ಕ್ಕೆ ತನ್ನಿ. ಕ್ಷಾರ ಉಳಿದರೆ ಕೆಲವು ಬಣ್ಣಗಳ ಛಾಯೆಯೇ ಕೆಡುತ್ತೆ.

ನಿಮ್ಮ ಬೋರ್‌ವೆಲ್ ನೀರು ಕೊಡದಲ್ಲಿ ಕೆಂಪು ಗಸಿ ಬಿಡುತ್ತಿದ್ದರೆ ಅದು ಕಬ್ಬಿಣ, ಬಣ್ಣ ಮಂಕಾಗುತ್ತೆ. ಹಿಡಿದಿಟ್ಟ ಮಳೆನೀರೇ ವಾಸಿ; ಇಲ್ಲವಾದರೆ ಲೀಟರಿಗೆ ಅರ್ಧ ಗ್ರಾಂ ಇಡಿಟಿಎ (ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕ) ಹಾಕಿ.

130 ಡಿಗ್ರಿಯ ಒತ್ತಡದ ಯಂತ್ರವಿಲ್ಲದೆ, ಬರೀ ಕುದಿನೀರಲ್ಲಿ ಗಾಢ ಬಣ್ಣಕ್ಕೆ ಕ್ಯಾರಿಯರ್ (ಬಣ್ಣ ನೂಲಿನೊಳಗೆ ಇಳಿಯಲು ನೆರವಾಗುವ ರಾಸಾಯನಿಕ) ಬೇಕು. ಅದರ ಆವಿ ಒಳ್ಳೆಯದಲ್ಲ, ಅಡುಗೆಮನೆಯಲ್ಲಂತೂ ಬೇಡ.