ಎರಡೂ ‘ಅರ್ಧ ಇಂಚು’, ಆದರೂ ಒಂದಕ್ಕೊಂದು ಕೂರುತ್ತಿಲ್ಲ

ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆಯಲು ಹಳೆಯ ಕುಕ್ಕರ್‌ಗೆ ತಾಮ್ರದ ಪೈಪ್ ಜೋಡಿಸುತ್ತಿದ್ದೀರಿ. ಪೈಪ್, ಫಿಟ್ಟಿಂಗ್ ಎರಡನ್ನೂ ಅರ್ಧ ಇಂಚು ಅಂತಲೇ ಕೇಳಿ ತಂದಿದ್ದೀರಿ, ಆದರೂ ಒಂದರೊಳಗೊಂದು ಗಡಗಡ ಅಲ್ಲಾಡುತ್ತಿದೆ. ಎಪಾಕ್ಸಿ ಪುಟ್ಟಿ ಮೆತ್ತಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನು ಮೆತ್ತಿ ನೋಡಿದವನೇ. ಆವಿಯ ಬಿಸಿಗೆ ಮೆತ್ತಗಾಗಿ, ಮೂರನೇ ಸಲಕ್ಕೆ ಪೈಪ್ ಸಮೇತ ಕಳಚಿ ಬಂತು.

ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಣ್ಣು ಕೊಚ್ಚಿ ಹೋಗದಿರಲಿ ಅಂತ ಬದಿಯಲ್ಲಿ ನೆಟ್ಟ ಹುಲ್ಲು ಜಾಸ್ತಿಯಾದಾಗ ನನಗೂ ಈ ಹುಚ್ಚು ಹತ್ತಿತು. ತೋಟದವರ ಮನೆಯಲ್ಲಿ ಸ್ಪ್ರಿಂಕ್ಲರ್, ಪಂಪ್‌ಸೆಟ್ಟಿನ ಹಳೆ ಸಾಮಾನಿಗೆ ಬರವೇ ಇಲ್ಲ ಅಲ್ವಾ. ಪೆಟ್ಟಿಗೆ ಸುರಿದು ಕೂತೆ. ಒಂದಕ್ಕೊಂದು ಸೇರುವುದು ಒಂದೂ ಇರಲಿಲ್ಲ.

ಕಾರಣ ಸರಳ. ‘ಅರ್ಧ ಇಂಚು’ ಅನ್ನುವುದು ಅಳತೆಗಿಂತ ಹೆಚ್ಚಾಗಿ ಒಂದು ಹೆಸರು. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರವ್ಯಾಸ ಅಳೆದರೆ 21.3 ಮಿಮೀ. ಅರ್ಧ ಇಂಚಿನ ಸಿಪಿವಿಸಿ, ಅಂದರೆ ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪ್, 15.9 ಮಿಮೀ. ಫ್ರಿಜ್ ರಿಪೇರಿಯವರು ಮಾರುವ ತಾಮ್ರದ ಪೈಪ್ ಮಾತ್ರ ಹೊರಗಿನಿಂದ ನಿಜವಾಗಿ ಅರ್ಧ ಇಂಚು, ಅಂದರೆ 12.7 ಮಿಮೀ. ಅಂಗಡಿಗೆ ಹೋಗುವಾಗ ವರ್ನಿಯರ್ ಅಳತೆಗೋಲು ಹಿಡಿದು ಹೋಗಿ, ಇಲ್ಲವೇ ಪೈಪಿನ ತುಂಡನ್ನೇ ಜೇಬಿನಲ್ಲಿ ಇಟ್ಟುಕೊಳ್ಳಿ. ಸಿಪಿವಿಸಿ ಆಸೆ ಬಿಡಿ. ಅದು ತಡೆಯುವುದು 93 ಡಿಗ್ರಿವರೆಗೆ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ ನಿಜ, ಆದರೆ ಅದೂ ಜಾಸ್ತಿಯೇ. ರಬ್ಬರ್ ಟ್ಯೂಬ್ ಕೂಡ ಬೇಡ, ಈ ಎಣ್ಣೆಗೆ ನಿಂಬೆ ವಾಸನೆ ಕೊಡುವ ಸಿಟ್ರಾಲ್ ಅದನ್ನು ಉಬ್ಬಿಸಿ ಹಾಳು ಮಾಡುತ್ತದೆ.

ನಾನು ಮಾಡಿದ್ದು ಹೀಗೆ. ಕುಕ್ಕರ್ ಮುಚ್ಚಳಕ್ಕೆ ತೂತು ಕೊರೆದು, ಎರಡೂ ಬದಿ ಸಿಲಿಕೋನ್ ವಾಷರ್ ಇಟ್ಟು ಹಿತ್ತಾಳೆಯ ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ (ತಿರುಪಿನ ಹಲ್ಲಿರುವ ಗಿಡ್ಡ ಕೊಳವೆ) ಬಿಗಿದೆ. ಸೇಫ್ಟಿ ವಾಲ್ವ್ ಇದ್ದಲ್ಲೇ ಇರಲಿ, ಅದನ್ನು ಮುಟ್ಟಬೇಡಿ. ನಿಪ್ಪಲ್‌ನಿಂದ ತಾಮ್ರಕ್ಕೆ ಹೋಗಲು ಫ್ರಿಜ್ ಅಂಗಡಿಯಲ್ಲಿ ‘ಹಾಫ್ ಯೂನಿಯನ್’ ಕೇಳಿ. ಅದರ ಒಂದು ಕಡೆ ಪೈಪ್ ಥ್ರೆಡ್ (ತಿರುಪಿನ ಹಲ್ಲು), ಇನ್ನೊಂದು ಕಡೆ ಫ್ಲೇರ್ ನಟ್. ತಾಮ್ರದ ಬಾಯಿಯನ್ನು ತುತ್ತೂರಿಯಂತೆ ಅರಳಿಸಿ ನಟ್ ಬಿಗಿದರೆ ಆಯಿತು. ಎಸಿ ಮೆಕ್ಯಾನಿಕ್ ಎರಡು ನಿಮಿಷದಲ್ಲಿ ಅರಳಿಸಿ ಕೊಡುತ್ತಾರೆ. ನಟ್ಟನ್ನು ಮೊದಲೇ ಪೈಪಿಗೆ ತೂರಿಸಿರಿ, ನಾನು ಮರೆತು ಪೈಪ್ ಕತ್ತರಿಸಬೇಕಾಯಿತು.

ಇಲ್ಲೇ ಇನ್ನೊಂದು ಗುಂಡಿ ಇದೆ, ನಾನು ಬಿದ್ದಿದ್ದೂ ಅದರಲ್ಲೇ. ನಮ್ಮ ಜಿಐ ಸಾಮಾನಿನ, ಈ ನಿಪ್ಪಲ್‌ನ ಥ್ರೆಡ್ ಬ್ರಿಟಿಷ್ ಮಾದರಿಯ ಬಿಎಸ್‌ಪಿ. ಹಾಫ್ ಯೂನಿಯನ್‌ಗಳಲ್ಲಿ ಬಹಳಷ್ಟು ಅಮೆರಿಕದ ಮಾದರಿಯ ಎನ್‌ಪಿಟಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಮೊದಲ ಎರಡು ಮೂರು ಸುತ್ತು ನೆಂಟರಂತೆ ಹೋಗುತ್ತವೆ. ಆದರೆ ಹಲ್ಲಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಆಮೇಲೆ ಕಚ್ಚಿಕೊಳ್ಳುತ್ತವೆ. ಬಿಗಿಯಾಯಿತು ಅಂತ ನಾವು ಖುಷಿಪಡುತ್ತೇವೆ, ಆವಿ ಹಲ್ಲಿನ ಸಂದಿಯಲ್ಲಿ ಸುತ್ತಿಕೊಂಡು ಹೊರಗೆ ಬರುತ್ತದೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿ ಸುಧಾರಿಸಬಹುದು, ಒತ್ತಡವಿಲ್ಲದ ಕಡೆ ಅದು ನಡೆಯುತ್ತದೆ. ಬಿಚ್ಚಿ ಹಾಕಿ ಮಾಡುತ್ತಿದ್ದರೆ ಮಾತ್ರ ಹಿತ್ತಾಳೆಯ ಹಲ್ಲು ಸವೆಯುತ್ತದೆ. ನಾನು ಕೊನೆಗೆ ಕುಶಾಲನಗರದ ಲೇಥ್‌ನವರ ಹತ್ತಿರ ಹಿತ್ತಾಳೆ ತುಂಡಿನಲ್ಲಿ ಬಿಎಸ್‌ಪಿ ಥ್ರೆಡ್ ಹಾಕಿಸಿದೆ. ಮೊದಲೇ ಹೋಗಿದ್ದರೆ ಎರಡು ಯೂನಿಯನ್ ದುಡ್ಡು ಉಳಿಯುತ್ತಿತ್ತು.

ಮುಂದಿನ ಜೋಡಣೆಗೆ ಥ್ರೆಡ್ಡೇ ಬೇಡ. ಕೆಳಗೆ ಇಳಿಯುವ ಕಡೆ ಅರ್ಧ ಇಂಚಿನ ತಾಮ್ರವನ್ನು 5/8 ಇಂಚಿನ ತಾಮ್ರದೊಳಗೆ ಎರಡಿಂಚು ತೂರಿಸಿ. ಮೇಲಿನ ಪೈಪ್ ಕೆಳಗಿನದರ ಒಳಗೆ ಹೋಗಬೇಕು. ಮಂಗಳೂರು ಹೆಂಚಿನ ಲೆಕ್ಕವೇ, ತಿರುಗಿಸಿ ಹಾಕಿದರೆ ಸೋರುತ್ತದೆ. ಉಳಿಯುವ ಸಂದಿಗೆ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಮೆತ್ತಿ. ನಗಬೇಡಿ. ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರು ತಾಮ್ರದ ಹಂಡೆಗೆ ಬಿದಿರಿನ ಕೊಳವೆ ಇಟ್ಟು ಇಂದಿಗೂ ಜೇಡಿಮಣ್ಣು ಮೆತ್ತುತ್ತಾರೆ. ಹಿಟ್ಟು ಬಿಸಿಗೆ ಗಟ್ಟಿಯಾಗುತ್ತದೆ. ಕೊಳವೆಯಲ್ಲಿ ಹುಲ್ಲು ಸಿಕ್ಕಿಕೊಂಡರೆ ಮೊದಲು ಒಡೆಯುವುದೂ ಅದೇ, ಕುಕ್ಕರ್ ಅಲ್ಲ. ಅದಕ್ಕೇ ಎಲ್ಲವನ್ನೂ ವೆಲ್ಡ್ ಮಾಡಿಸಬೇಡಿ. ಎಣ್ಣೆ ಬೀಳುವ ತುದಿಯಂತೂ ಯಾವಾಗಲೂ ತೆರೆದೇ ಇರಬೇಕು.

ಬೆಸುಗೆ ಹಾಕಲೇಬೇಕಾದರೆ ರೇಡಿಯೋ ರಿಪೇರಿಯ ಸೋಲ್ಡರ್ ಬೇಡ, ಅದರಲ್ಲಿ ಸೀಸ ಇರುತ್ತದೆ.

ಇನ್ನೊಂದು ಮಾತು. ಹೊಗೆ, ಕೊಳವೆ ಕಂಡ ಪಕ್ಕದ ತೋಟದವರು “ಏನಣ್ಣಾ, ಬಟ್ಟಿ ಇಟ್ಟಿದ್ದೀರಾ?” ಅಂತ ಬೇಲಿಯಾಚೆಯಿಂದಲೇ ಕೇಳಿದರು. ನಮ್ಮಲ್ಲಿ ಮನೆ ವೈನ್ ಎಲ್ಲರಿಗೂ ಗೊತ್ತು, ಆದರೆ ಸಾರಾಯಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಎಣ್ಣೆಗೂ ಸಾರಾಯಿಗೂ ಒಂದೇ ಉಪಕರಣ ಆದ್ದರಿಂದ ಸುಮ್ನೆ ಸಾರಾಯಿಗೆ ಕೈ ಹಾಕಬೇಡಿ.

ಮೊದಲ ಸಲ ಹುಲ್ಲಿಲ್ಲದೆ ಬರೀ ನೀರು ಕುದಿಸಿ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಪ್ರತಿ ಜೋಡಣೆಯ ಹತ್ತಿರ ಹಿಡಿಯಿರಿ, ಮಂಜು ಕೂತರೆ ಅಲ್ಲಿ ಸೋರಿಕೆ. ಒಂದೂವರೆ ಕೆಜಿ ಹುಲ್ಲಿಗೆ ನನಗೆ ಒಂದು ಚಿಕ್ಕ ಚಮಚ ಎಣ್ಣೆ ಸಿಗುತ್ತದೆ, ನೀರಿನ ಮೇಲೆ ತೇಲುತ್ತಿರುತ್ತದೆ. ನಿಮ್ಮ ಕುಕ್ಕರ್ ಸ್ಟೀಲಾ, ಅಲ್ಯೂಮಿನಿಯಮ್ಮಾ ಅಂತ ಬರೆದಿಲ್ಲ. ಅಲ್ಯೂಮಿನಿಯಂ ಆದರೆ ನಿಪ್ಪಲ್ ಸುತ್ತ ಆಗಾಗ ನೋಡುತ್ತಿರಿ, ಹಿತ್ತಾಳೆ ತಾಗಿದ ಕಡೆ ಒದ್ದೆಯಲ್ಲಿ ಅದು ತಿಂದು ಹೋಗುತ್ತದೆ.