ಪಿಕಪ್ ಎತ್ತರಿಸುವ ಮೊದಲು: ಡೆನ್ವರ್ ಸೇರಿದ ಕಾರವಾರದ ತಮ್ಮನಿಗೆ

ರಜೆಯ ಮೇಲೆ ಶಿರಸಿಗೆ ಬಂದಿರುವುದರಿಂದ ನಿಮ್ಮ ಪತ್ರಕ್ಕೆ ಉತ್ತರ ತಡವಾಯಿತು. ಡೆನ್ವರಿನಲ್ಲಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡಿದ್ದೀರಿ. ಅದರಲ್ಲಿ 265/70 ಆರ್17 ಅಳತೆಯ ಟೈರುಗಳೂ 3.73 ಆಕ್ಸಲ್ ಗೇರೂ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟು 3.73 ಸುತ್ತು ತಿರುಗಬೇಕು) ಇವೆ. ಗಾಡಿಯನ್ನು ಎತ್ತರಿಸುವ ಆರು ಇಂಚಿನ ಲಿಫ್ಟ್ ಕಿಟ್ ಹಾಕಿಸಿ 35 ಇಂಚಿನ ಟೈರಿಗೆ ಹೋಗುವ ಮನಸ್ಸಿದೆ. ಗೇರನ್ನೂ ಬದಲಿಸಬೇಕೇ, ಅಲ್ಲಿಯ ಕಾನೂನು ಇದಕ್ಕೆ ಒಪ್ಪುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಟೈರನ್ನು ನಿರ್ಧರಿಸಿ, ಆ ಟೈರು ಎಲ್ಲಿಯೂ ಉಜ್ಜದಂತೆ ತಿರುಗಲು ಬೇಕಾದಷ್ಟೇ ಎತ್ತರ ಕೊಡಿ, ಉಳಿದ ಹಣವನ್ನು ಗೇರಿಗೆ ಇಡಿ. ಹೊಸಬರಲ್ಲಿ ಹೆಚ್ಚಿನವರು ಎತ್ತರಕ್ಕೇ ಎಲ್ಲವನ್ನೂ ಸುರಿದು, ಗೇರಿನ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿರುತ್ತಾರೆ.

ಲಿಫ್ಟ್ ಕಿಟ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಾಮಾನುಗಳನ್ನು ಮಾರುತ್ತಾರೆ. ಬಾಡಿ ಲಿಫ್ಟ್ ಎಂದರೆ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ತುಂಡುಗಳನ್ನು ಇಟ್ಟು ಬಾಡಿಯನ್ನಷ್ಟೇ ಮೇಲಕ್ಕೆತ್ತುವುದು. ಟೈರಿಗೆ ಜಾಗ ಸಿಗುತ್ತದೆ, ಸಸ್ಪೆನ್ಷನ್ ಇದ್ದಲ್ಲೇ ಇರುತ್ತದೆ. ಲೆವೆಲಿಂಗ್ ಕಿಟ್ ಮುಂಭಾಗವನ್ನು ಎರಡು ಇಂಚಿನ ಆಸುಪಾಸಿನಲ್ಲಿ ಎತ್ತಿ, ಹಿಂಭಾಗಕ್ಕೆ ಸರಿಸಮ ಮಾಡುತ್ತದೆ. ಪೂರ್ತಿ ಸಸ್ಪೆನ್ಷನ್ ಕಿಟ್‌ನಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಕಂಟ್ರೋಲ್ ಆರ್ಮು, ಉದ್ದದ ಬ್ರೇಕ್ ಹೋಸು ಎಲ್ಲ ಸೇರಿರಬೇಕು. ನಿಮ್ಮ ಗಾಡಿಯ ಮುಂದಿನ ಚಕ್ರಗಳು ಸ್ವತಂತ್ರ ಸಸ್ಪೆನ್ಷನ್ನಿನವು. ಅಂಥದರಲ್ಲಿ ಬರೀ ಸ್ಪೇಸರ್ (ಗಟ್ಟಿ ತುಂಡು) ಇಟ್ಟು ಹೆಚ್ಚು ಎತ್ತಿದರೆ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಸಿವಿ ಜಾಯಿಂಟುಗಳು ಸದಾ ಓರೆ ಕೋನದಲ್ಲಿ ತಿರುಗುತ್ತವೆ, ಚಕ್ರವನ್ನು ಕಂಟ್ರೋಲ್ ಆರ್ಮಿಗೆ ಜೋಡಿಸುವ ಬಾಲ್ ಜಾಯಿಂಟಿನ ಚಲನೆಯ ಮಿತಿ ಮುಗಿಯುತ್ತಾ ಬರುತ್ತದೆ, ರಬ್ಬರ್ ಬೂಟು ಹರಿದು ಗ್ರೀಸು ಹೊರಬರುತ್ತದೆ. ಆರು ಇಂಚಿನ ಕಿಟ್‌ಗಳು ಇದನ್ನು ತಪ್ಪಿಸಲೆಂದು ಡಿಫರೆನ್ಷಿಯಲನ್ನೂ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿನ ಆರ್ಮುಗಳನ್ನೂ ಬ್ರಾಕೆಟ್ ಹಾಕಿ ಕೆಳಗೆ ಇಳಿಸುತ್ತವೆ. ಇದರ ಫಲವನ್ನು ಯೋಚಿಸಿ ನೋಡಿ: ಗಾಡಿ ಆರು ಇಂಚು ಮೇಲೇರಿದರೂ ಮುಂದಿನ ಡಿಫರೆನ್ಷಿಯಲ್ ನೆಲದಿಂದ ಹೆಚ್ಚುಕಮ್ಮಿ ಮೊದಲಿದ್ದ ಎತ್ತರದಲ್ಲೇ ಉಳಿಯುತ್ತದೆ. ಹಿಂದಿನ ಆಕ್ಸಲ್‌ನ ಹೌಸಿಂಗನ್ನು ನೆಲದಿಂದ ಮೇಲಕ್ಕೆತ್ತುವುದಂತೂ ಟೈರು ಮಾತ್ರ. ನಿಮ್ಮ ಈಗಿನ ಟೈರಿನ ವ್ಯಾಸ 31.6 ಇಂಚು, 35ಕ್ಕೆ ಹೋದರೆ ಹೌಸಿಂಗ್ ಮೇಲೇರುವುದು ಎರಡರ ವ್ಯತ್ಯಾಸದ ಅರ್ಧ, ಅಂದರೆ 1.7 ಇಂಚು. ಕಲ್ಲಿನ ಮೇಲೆ ಹೋಗುವಾಗ ಲೆಕ್ಕಕ್ಕೆ ಬರುವುದು ಅದೇ.

ಹಿಂಬದಿಯ ಲೀಫ್ ಸ್ಪ್ರಿಂಗಿನ ವಿಷಯವನ್ನು ನಿಮಗೆ ವಿವರಿಸುವುದು ಸುಲಭ. ಇಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಟಿ.ಎಸ್.ಎಸ್. ಅಂಗಳಕ್ಕೆ ಅಡಿಕೆ ಚೀಲ ಹೊತ್ತು ಬರುವ ಪಿಕಪ್‌ಗಳಿಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸುವ ರೂಢಿಯನ್ನು ನೀವೂ ಕಂಡಿರುತ್ತೀರಿ. ಲೋಡ್ ಇದ್ದಾಗ ಗಾಡಿ ಚೆನ್ನಾಗಿ ನಿಲ್ಲುತ್ತದೆ, ಖಾಲಿ ಬರುವಾಗ ಕೂತವರ ಸೊಂಟ ಮುರಿಯುತ್ತದೆ. ಅಮೆರಿಕದಲ್ಲಿ ಮಾರುವ ಹೆಚ್ಚುವರಿ ಪ್ಲೇಟಿನ ಕಿಟ್‌ಗಳ ಗುಣವೂ ಅದೇ. ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಬ್ಲಾಕ್ ಇಡುವುದು ಅಗ್ಗದ ದಾರಿ, ಆದರೆ ಬ್ಲಾಕು ಎತ್ತರವಾದಷ್ಟೂ ಜೋರಾಗಿ ಆಕ್ಸಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಖಾಲಿ ಓಡಾಟವೇ ಹೆಚ್ಚು ಎಂದಿರುವ ನಿಮಗೆ ಹೊಸ ಸ್ಪ್ರಿಂಗ್ ಸೆಟ್ಟೇ ಸರಿ. ಇವುಗಳಲ್ಲಿ ಯಾವುದೂ ಗಾಡಿ ಹೊರಬಹುದಾದ ಅಧಿಕೃತ ತೂಕವನ್ನು ಹೆಚ್ಚಿಸುವುದಿಲ್ಲ. ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿ ಹಾಗೆಯೇ ಇರುತ್ತದೆ, ಕಿಟ್ಟಿನ ಮತ್ತು ದೊಡ್ಡ ಟೈರುಗಳ ತೂಕ ಅದರೊಳಗೇ ಸೇರಬೇಕು.

ಇನ್ನು ಗೇರು. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ಲೆಕ್ಕ ಸರಳ: ಗಂಟೆಗೆ ಮೈಲಿ, ಆಕ್ಸಲ್ ಅನುಪಾತ, ಗೇರ್‌ಬಾಕ್ಸಿನ ಅನುಪಾತ, 336 ಎಂಬ ಸ್ಥಿರ ಸಂಖ್ಯೆ ಇವನ್ನು ಗುಣಿಸಿ ಟೈರಿನ ವ್ಯಾಸದ ಇಂಚುಗಳಿಂದ ಭಾಗಿಸಿದರೆ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಸಿಗುತ್ತದೆ. ಆರನೆಯ ಗೇರು 0.67 ಇರುವ ಗಾಡಿ 65 ಮೈಲಿ ವೇಗದಲ್ಲಿ ಈಗಿನ ಟೈರಿನೊಂದಿಗೆ ಸುಮಾರು 1,730ರಲ್ಲಿ ಓಡುತ್ತಿದ್ದರೆ, 35 ಇಂಚಿನ ಟೈರು ಹಾಕಿದೊಡನೆ 1,560ಕ್ಕೆ ಇಳಿಯುತ್ತದೆ. 4.10 ಹಾಕಿದರೆ 1,710ಕ್ಕೆ ಮರಳಿ, ಕಂಪನಿ ಕೊಟ್ಟ ಸ್ಥಿತಿ ಹತ್ತಿರಹತ್ತಿರ ಬಂದಂತೆ, 4.56 ಹಾಕಿದರೆ 1,900 ದಾಟುತ್ತದೆ. ಕಾಗದದ ಮೇಲೆ 4.10 ಸಾಕೆನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಟೈರಿನ ತೂಕವಾಗಲಿ, ಎತ್ತರವಾದ ಗಾಡಿ ಗಾಳಿಗೆ ಕೊಡುವ ಎದೆಯಾಗಲಿ ಸೇರಿಲ್ಲ; ನೀವಿರುವ ಊರಿನ ಎತ್ತರವೂ ಸೇರಿಲ್ಲ. ದೇವಿಮನೆ ಘಟ್ಟ ಹತ್ತಿ ಬಂದರೂ ಶಿರಸಿ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಯನ್ನು ಮುಟ್ಟುವುದಿಲ್ಲ. ಡೆನ್ವರ್ 5,280 ಅಡಿಯಲ್ಲಿದೆ, ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆಂಬ ರೂಢಿಯ ಲೆಕ್ಕದಂತೆ, ಆ ಸುರಂಗದ ಬಾಯಿಯಲ್ಲಿ ನಿಮ್ಮ ಗಾಡಿಗೆ ಮೂರರಲ್ಲಿ ಎರಡು ಪಾಲು ಬಲವಷ್ಟೇ ಉಳಿದಿರುತ್ತದೆ. ಅದಕ್ಕಾಗಿಯೇ ಟರ್ಬೊ ಇಲ್ಲದ ಆರು ಗೇರಿನ ಗಾಡಿಗೆ ನಾನು 4.56 ಎನ್ನುವುದು. ಟರ್ಬೊ ಇರುವ, ಹತ್ತು ಗೇರಿನ ಹೊಸ ಗಾಡಿಯಾಗಿದ್ದರೆ ಗೇರು ಮುಟ್ಟದೆಯೂ ನಡೆಯುತ್ತಿತ್ತು.

ಗೇರು ಬದಲಿಸುವುದೆಂದರೆ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರದ ಜೋಡಿ, ಅಂದರೆ ದೊಡ್ಡ ಕ್ರೌನ್ ಮತ್ತು ಚಿಕ್ಕ ಪಿನಿಯನ್ ಬದಲಿಸುವುದು; 4.56 ಎಂದರೆ ಕ್ರೌನಿಗೆ 41, ಪಿನಿಯನ್ನಿಗೆ 9 ಹಲ್ಲು. ಫೋರ್ ವೀಲ್ ಡ್ರೈವಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಒಂದೇ ಅನುಪಾತ ಇರಲೇಬೇಕು, ಇಲ್ಲವಾದರೆ ಫೋರ್ ವೀಲ್ ಹಾಕಿದೊಡನೆ, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಎಳೆದಾಟ ಬೀಳುತ್ತದೆ. ಹಾಗಾಗಿ ಖರ್ಚು ಎರಡು ಪಟ್ಟು; ಸಾಮಾನು ಮತ್ತು ಕೂಲಿ ಸೇರಿ ಎರಡು-ಮೂರು ಸಾವಿರ ಡಾಲರ್ ಆಗುವುದು ಸಾಮಾನ್ಯ. ಅಂಗಡಿಯನ್ನು ಆರಿಸುವಾಗ ಒಂದನ್ನು ಕೇಳಿ: ಹಲ್ಲುಗಳಿಗೆ ಹಳದಿ ಪೇಸ್ಟ್ ಹಚ್ಚಿ, ಕ್ರೌನನ್ನು ಕೈಯಿಂದ ಹಿಂದೆಮುಂದೆ ತಿರುಗಿಸಿದಾಗ ಮೂಡುವ ಗುರುತಿನ ಫೋಟೊ ಕೊಡುತ್ತೀರಾ ಎಂದು. ಆ ಗುರುತು ಹಲ್ಲಿನ ಮಧ್ಯದಲ್ಲಿರಬೇಕು, ತುದಿಗೂ ಬುಡಕ್ಕೂ ಸರಿದಿರಬಾರದು. ಇದನ್ನು ಕೇಳಿ ಮುಖ ಸಿಂಡರಿಸುವವನಿಗೆ ಗಾಡಿ ಕೊಡಬೇಡಿ.

ಕಾನೂನಿನ ಮಾತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ಹೇಳಿದೆ. ಕೆಎ-30 ಫಲಕದ ಜೀಪಿಗೆ ಆರು ಇಂಚಿನ ಲಿಫ್ಟ್ ಹಾಕಿಸಿ ಕಾರವಾರದ ಆರ್‌ಟಿಒ ಎದುರು ನಿಲ್ಲುವಂತಿಲ್ಲ. ಅಮೆರಿಕದಲ್ಲಿ ಅಂಥ ಒಟ್ಟಾರೆ ನಿಷೇಧವಿಲ್ಲ, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಉದಾಹರಣೆಗೆ ಉತ್ತರ ಕೆರೊಲಿನಾ 2021ರಿಂದ ಮುಂದಿನ ಫೆಂಡರ್ (ಚಕ್ರದ ಮೇಲಿನ ಬಾಡಿಯ ಅಂಚು) ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಅದಕ್ಕೂ ಹೆಚ್ಚು ಮೇಲಿರುವಂತೆ ಎತ್ತುವುದನ್ನು ನಿಷೇಧಿಸಿದೆ. ಕೆಲಸಕ್ಕೆ ಕೈಹಾಕುವ ಮೊದಲು ಡೆನ್ವರ್ ಇರುವ ಕೊಲೊರಾಡೊ ರಾಜ್ಯದ ನಿಯಮವನ್ನು ವಿಚಾರಿಸಿ; ಬೇರೆ ರಾಜ್ಯಕ್ಕೆ ಕೆಲಸ ಬದಲಿಸುವ ಯೋಚನೆಯಿದ್ದರೆ ಆ ರಾಜ್ಯದ ನಿಯಮವನ್ನೂ ನೋಡಿಕೊಳ್ಳಿ. ವಾರಂಟಿಯ ಬಗ್ಗೆ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ನಿಮ್ಮ ಪರ ಇದೆ, ಬೇರೆ ಬಿಡಿಭಾಗ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ಹೋಗುವುದಿಲ್ಲ. ಆದರೆ ಎತ್ತರಿಸಿದ ಗಾಡಿಯ ಬಾಲ್ ಜಾಯಿಂಟ್ ಹೋದಾಗ ಕಾರಣ ತೋರಿಸುವುದು ಅವರಿಗೆ ಕಷ್ಟವೇನಲ್ಲ. ವಿಮೆಯವರಿಗೆ ಮಾತ್ರ ಮೊದಲೇ ಬರಹದಲ್ಲಿ ತಿಳಿಸಿ.

ಇಷ್ಟೆಲ್ಲ ನೋಡಿದರೆ ನಿಮಗೆ ಆರು ಇಂಚು ಬೇಡ. 285/70 ಆರ್17 ಟೈರು 32.7 ಇಂಚಿನದು, ಎರಡು ಇಂಚಿನ ಒಳ್ಳೆಯ ಕಿಟ್‌ನೊಂದಿಗೆ ಹೆಚ್ಚಿನ ಪಿಕಪ್‌ಗಳಲ್ಲಿ ಕೂರುತ್ತದೆ, 3.73 ಗೇರಿನಲ್ಲೇ ಸಾಗುತ್ತದೆ, ಅಪಾರ್ಟ್‌ಮೆಂಟಿನ ಏಳು ಅಡಿಯ ಗ್ಯಾರೇಜ್ ಬಾಗಿಲಿನೊಳಗೂ ನಿರಾಳವಾಗಿ ಹೋಗುತ್ತದೆ. 35 ಇಂಚೇ ಬೇಕೆಂದು ಮನಸ್ಸು ಹಿಡಿದಿದ್ದರೆ ನಾಲ್ಕು ಇಂಚಿನ ಪೂರ್ತಿ ಕಿಟ್ಟನ್ನೂ 4.56 ಗೇರನ್ನೂ ಒಟ್ಟಿಗೇ ಹಾಕಿಸಿ. ಅಂದೇ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟಿನ ಕೋನ ಮತ್ತು ಸ್ಪೀಡೋಮೀಟರ್ ಮೂರನ್ನೂ ಸರಿಪಡಿಸಿಕೊಳ್ಳಿ. ಹೊಸ ಗೇರಿನ ಮೊದಲ 500 ಮೈಲಿ ಟ್ರೇಲರ್ ಎಳೆಯಬೇಡಿ; ಅದು ಮುಗಿದ ಮೇಲೆ ಎರಡೂ ಡಿಫರೆನ್ಷಿಯಲ್ಲಿನ ಆಯಿಲ್ ಬದಲಿಸಿ, ಲೀಫ್ ಸ್ಪ್ರಿಂಗನ್ನು ಹಿಂದಿನ ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಸಿ.