ಮಾಂಜಾ ದಾರಕ್ಕೆ ಸಿಕ್ಕಿದ ಹದ್ದನ್ನು ಇಳಿಸಿ, ನೀರು ಕುಡಿಸಿ ಬಿಟ್ಟರೆ ಸಾಕೇ?

ಬೆಂಗಳೂರಿನ ನಿಮ್ಮ ಮನೆ ಎದುರಿನ ಮರದಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕಿ ಹದ್ದೊಂದು ನೇತಾಡುತ್ತಿದೆ; ಇಳಿಸಿ, ದಾರ ಎಳೆದು ತೆಗೆದು, ನೀರು ಕುಡಿಸಿ, ಹಾರಲು ಬಿಟ್ಟರೆ ಸಾಕಾ ಎಂದು ಕೇಳಿದ್ದೀರಿ. ಇಳಿಸಿ. ಉಳಿದ ಮೂರನ್ನೂ ಮಾಡಬೇಡಿ.

ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. ದಾರ ಕರೆಂಟ್ ತಂತಿಗೆ ತಾಗಿದ್ದರೆ ಬೆಸ್ಕಾಂನ 1912ಕ್ಕೆ ಹೇಳಿ, ಲೈನ್ ಆಫ್ ಆಗುವವರೆಗೆ ಕಾಯಿರಿ. ಕೆಲವು ಮಾಂಜಾಕ್ಕೆ ಲೋಹದ ಪುಡಿ ಸವರಿರುತ್ತಾರೆ, ಅದರಲ್ಲಿ ಕರೆಂಟ್ ಹರಿಯುತ್ತದೆ. ತೀರಾ ಎತ್ತರದಲ್ಲಿದ್ದರೆ ಅಗ್ನಿಶಾಮಕ ದಳದವರೇ ಬರಲಿ.

ಕೈಗೆಟುಕುವಷ್ಟಿದ್ದರೆ ಇಬ್ಬರು ಕೆಳಗೆ ಬೆಡ್‌ಶೀಟ್ ಬಿಗಿಯಾಗಿ ಹಿಡಿದು ನಿಲ್ಲಲಿ, ಮೂರನೆಯವರು ದೋಟಿಗೆ ಕುಡುಗೋಲು ಕಟ್ಟಿ ದಾರವನ್ನು ಹಕ್ಕಿಯಿಂದ ಒಂದಡಿ ದೂರದಲ್ಲಿ ಕತ್ತರಿಸಲಿ. ಕತ್ತರಿಸುವುದು, ಜಗ್ಗುವುದಲ್ಲ. ಗಾಜಿನ ಪುಡಿ ಮೆತ್ತಿದ ದಾರವನ್ನು ಜಗ್ಗಿದರೆ ಅದು ಗರಗಸದ ಹಾಗೆ ಮಾಂಸ ಕೊಯ್ಯುತ್ತದೆ. ಮೈಗೆ ಹೂತ ದಾರವನ್ನೂ ಹಾಗೇ ಬಿಡಿ, ಹೊರಗೆ ಎರಡು ಇಂಚು ಉಳಿಸಿ ಕತ್ತರಿಸಿ. ಆ ತುದಿ ಹಿಡಿದೇ ಡಾಕ್ಟರು ಒಳಗೆ ಎಲ್ಲಿ ಸುತ್ತಿಕೊಂಡಿದೆ ಎಂದು ಹುಡುಕುವುದು.

ಕೆಳಗೆ ಬಂದ ಕೂಡಲೇ ದಪ್ಪ ಟವೆಲ್ಲನ್ನು ತಲೆ ಸಮೇತ ಮೈಮೇಲೆ ಹಾಕಿ. ಕಣ್ಣಿಗೆ ಕತ್ತಲಾದರೆ ಒದ್ದಾಟ ಅರ್ಧ ಕಡಿಮೆ. ಹದ್ದಿನ ಆಯುಧ ಕೊಕ್ಕಲ್ಲ, ಕಾಲುಗುರು. ಪಾದಕ್ಕಿಂತ ಮೇಲೆ ಎರಡೂ ಕಾಲನ್ನು ಹಿಡಿದು, ರೆಕ್ಕೆಗಳನ್ನು ಮೈಗೆ ಮಡಿಸಿ ಎತ್ತಿ. ಎದೆಯನ್ನು ಮಾತ್ರ ಅಮುಕಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಆಡಿದರಷ್ಟೇ ಉಸಿರು. ಬಿಗಿಯಾಗಿ ಅಪ್ಪಿ ಹಿಡಿದರೆ ಕೈಯಲ್ಲೇ ಸಾಯಬಹುದು.

ಇನ್ನು ನೀರು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕೊಕ್ಕು ತೆರೆದು ಸುರಿದ ನೀರು ನೇರ ಅಲ್ಲಿಗೇ ಹೋಗುತ್ತದೆ. ಹಾಲು, ಅನ್ನ, ಬ್ರೆಡ್ಡು ಕೇಳಲೇಬೇಡಿ. ಮಾಂಸವೂ ಈಗ ಬೇಡ: ದಿನಗಟ್ಟಲೆ ನೇತಾಡಿ ಬತ್ತಿಹೋದ ದೇಹಕ್ಕೆ ಮೊದಲು ದ್ರವ ಸೇರಬೇಕು, ಆಹಾರ ಆಮೇಲೆ. ಆಸ್ಪತ್ರೆಯಲ್ಲಿ ತೂಕ ನೋಡಿ, ಕಿಲೋಗೆ ದಿನಕ್ಕೆ 50 ಮಿ.ಲೀ. ಲೆಕ್ಕದಿಂದ ಶುರುಮಾಡಿ, ಬತ್ತಿದ್ದಕ್ಕೆ ತಕ್ಕಂತೆ ಹೆಚ್ಚಿಸಿ, ಚರ್ಮದಡಿಗೆ ಅಥವಾ ಟ್ಯೂಬಿನಲ್ಲಿ ಕೊಡುತ್ತಾರೆ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಎಣ್ಣೆ ಮುಲಾಮು ಯಾವುದೂ ಬೇಡ. ಮುಲಾಮು ಗರಿಗೆ ಮೆತ್ತಿದರೆ ಅದನ್ನು ತೊಳೆಯುವುದೇ ಇನ್ನೊಂದು ಚಿಕಿತ್ಸೆ. ಮೂಳೆ ಕಾಣುತ್ತಿದ್ದರೆ ಮೆಡಿಕಲ್ ಸ್ಟೋರಿನ ಸಲೈನಿನಲ್ಲಿ ಅದ್ದಿದ ಗಾಜ್ (ಗಾಯಕ್ಕೆ ಕಟ್ಟುವ ತೆಳು ಜಾಲರಿ) ಬಟ್ಟೆ ಮುಚ್ಚಿ, ಒಣಗಲು ಬಿಡಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆ ಖಂಡಿತ ಕೊಡಬೇಡಿ. ನಮ್ಮ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಂತತಿಯನ್ನೇ ಅಳಿವಿನಂಚಿಗೆ ತಂದದ್ದು ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಬೇಕಾಯಿತು.

ಸಾಗಿಸಲು ಪಂಜರ ಬೇಡ, ಸರಳಿಗೆ ಬಡಿದು ಗರಿ ಮುರಿಯುತ್ತವೆ. ಹದ್ದು ಸುಮಾರು 60 ಸೆಂ.ಮೀ. ಉದ್ದ, ಮೈಕ್ರೋವೇವ್ ಬಂದ ರಟ್ಟಿನ ಪೆಟ್ಟಿಗೆ ಸರಿಯಾಗುತ್ತದೆ. ಪೆನ್ಸಿಲ್ ದಪ್ಪದ ತೂತುಗಳನ್ನು ತಗ್ಗಿನಲ್ಲಿ ಹೊಡೆಯಿರಿ, ಮೇಲಿದ್ದರೆ ಹೊರಗೆ ನೋಡಿ ಗಾಬರಿಯಾಗುತ್ತದೆ. ತಳಕ್ಕೆ ಕಾಲು ಜಾರದ ಹಾಗೆ ಹಳೇ ಟವೆಲ್. ಟೇಪ್ ಹಚ್ಚಿದ ಮೇಲೆ ಇಣುಕಿ ನೋಡಬೇಡಿ, ಮಕ್ಕಳಿಗೆ ತೋರಿಸಲೂ ಬೇಡ. ಕೈಗಳನ್ನು ಸೋಪು ಹಾಕಿ ತೊಳೆಯಿರಿ.

“ಚೆನ್ನಾಗೇ ಇದೆ, ಬಿಟ್ಟುಬಿಡೋಣ” ಎನ್ನುವುದು ಯಾಕೆ ತಪ್ಪು? ರೆಕ್ಕೆಯ ಮುಂದಿನ ಅಂಚಿನಲ್ಲಿ, ಭುಜದಿಂದ ಮಣಿಕಟ್ಟಿನವರೆಗೆ, ತೆಳು ಚರ್ಮದ ಪರದೆಯೊಂದಿದೆ. ಅದರ ಅಂಚಿನಲ್ಲಿ ಹುರಿಯಂಥ ಸ್ನಾಯುರಜ್ಜು. ಹಾರುವ ಹಕ್ಕಿ ದಾರಕ್ಕೆ ಬಡಿಯುವುದು ಹೆಚ್ಚಾಗಿ ಅಲ್ಲೇ. ಹುರಿ ತುಂಡಾದರೂ ರೆಕ್ಕೆ ನೀಟಾಗಿ ಮಡಚಿಕೊಳ್ಳುತ್ತದೆ, ಗಾಯ ಗರಿಯಡಿ ಮುಚ್ಚಿಹೋಗುತ್ತದೆ, ಹಕ್ಕಿ ನಿಂತು ದುರುಗುಟ್ಟಿ ನೋಡುತ್ತದೆ. ಆದರೆ ರೆಕ್ಕೆ ಪೂರ್ತಿ ಬಿಡಿಸಲಾರದು. ಟೆರೇಸಿನಿಂದ ಬಿಟ್ಟರೆ ಎರಡು ಕಾಂಪೌಂಡ್ ದಾಟಿ ಇಳಿಯುತ್ತದೆ. ಅಲ್ಲಿ ನಾಯಿ, ಇಲ್ಲವೇ ಉಪವಾಸ. ಗಾಯ ಹಸಿಯಿರುವಾಗ ಹೊಲಿಗೆ ಸಾಧ್ಯ, ನಾಳೆಗೆ ಅಂಚು ಒಣಗಿ ಕಪ್ಪಾಗುತ್ತದೆ, ನೊಣ ಕೂತಿದ್ದರೆ ಹುಳವೂ ಬೀಳುತ್ತದೆ. ಅದಕ್ಕೇ ಇವತ್ತೇ ತಲುಪಿಸಿ ಎನ್ನುವುದು.

ಹೊಲಿದ ಮೇಲೂ ಕೆಲಸ ವಾರಗಟ್ಟಲೆ. ರೆಕ್ಕೆಯನ್ನು ಕಟ್ಟಿಯೇ ಇಟ್ಟರೆ ಆ ಚರ್ಮ ಸುಕ್ಕುಗಟ್ಟಿ ಬಿಗಿಯುತ್ತದೆ, ಹಾಗಾಗಿ ಆಗಾಗ ಬಿಚ್ಚಿ ನೀವಿ ಚಾಚಿಸುತ್ತಾರೆ. ಗಟ್ಟಿ ನೆಲದಲ್ಲೇ ನಿಂತರೆ ಅಂಗಾಲು ಬಾತು ಕೀವಾಗುತ್ತದೆ, ಅದಕ್ಕೆ ಕೂರುವ ಕೋಲಿಗೆ ಕೃತಕ ಹುಲ್ಲಿನ ಮ್ಯಾಟ್ ಸುತ್ತುತ್ತಾರೆ. ಬರೀ ಮಾಂಸ ಹಾಕಿದರೆ ಕ್ಯಾಲ್ಸಿಯಂ ಸಾಲದು, ಮೂಳೆಯೂ ಬೇಕು. ಕೊನೆಗೆ ದೊಡ್ಡ ಪಂಜರದಲ್ಲಿ ಹಾರಿ, ತಿರುಗಿ, ಎತ್ತರಕ್ಕೇರಿ ಕೂರಬಲ್ಲದೇ ಎಂದು ನೋಡುತ್ತಾರೆ. ಎಲ್ಲವೂ ಈ ಹಂತ ಮುಟ್ಟುವುದಿಲ್ಲ.

ಒಪ್ಪಿಸುವಾಗ ಸಿಕ್ಕ ಜಾಗ ಬರೆಸಿ, ವಾಸಿಯಾದರೆ ಅಲ್ಲಿಗೇ ಬಿಡಲು ಅನುಕೂಲ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ, ಆದರೂ ನಿಮ್ಮ ಮರದಲ್ಲಿ ಇದೆಯಲ್ಲ. ಉಳಿದದ್ದನ್ನು ಕೋಲಿಗೆ ಸುತ್ತಿ ಇಳಿಸಿ, ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿಯೇ ಕಸಕ್ಕೆ ಹಾಕಿ. ಉದ್ದ ಬಿಟ್ಟರೆ ಕಾಗೆ ಗೂಡಿಗೆ ಒಯ್ಯುತ್ತದೆ.